ಮನ್ಮಾಡಿಗೆ ಹೋದ ಹೊಸ್ತಿಲು

ಅಲ್ಲವ್ವ, ಕೊಂಬಿನ ಟೋಪಿ ಇದ್ದಿದ್ದೇ ಇಲ್ಲ, ಅದನ್ನ ಅಳಸು ಮೊದಲ. ವೈಕಿಂಗ್ ಅಂದ ಕೂಡ್ಲೆ ತಲಿ ಮ್ಯಾಲ ಎರಡು ಕೊಂಬು ಬರದಿ ನೋಡು ಪೂಜಾ, ಆ ಮಂದಿ ಹಂಗ ಕೊಂಬು ಹಾಕ್ಕೊಂಡು ಲಡಾಯಿಗಿ ಹೊಂಟಿದ್ರ ಒಬ್ಬರದೊಬ್ಬರಿಗಿ ತೊಡಕಿ ಹಡಗದಾಗೇ ಬೀಳ್ತಿದ್ರು. ನಗಬ್ಯಾಡ್ರಿ, ಖರೇ ಹೇಳ್ತೀನಿ. ನಿಮ್ಮ ಮುತ್ಯಾ ಅದೇ ಪಾಠ ಮಾಡಿ ಹೊಟ್ಟಿ ತುಂಬಸ್ಕೊಂಡಾನ. "ಮುತ್ಯಾ, ತೇ ಸಗಳೇ ಚೋರ್ ಹೋತೇ ನಾ?" ಅಂತ ಮರಾಠ್ಯಾಗ ಕೇಳ್ತಿ. ಕಳ್ಳರಿದ್ರು, ಇಲ್ಲ ಅನ್ನಂಗಿಲ್ಲ. ಸಮುದ್ರ ದಂಡಿ ಮ್ಯಾಲಿನ ಮಠ ಸುಟ್ರು, ಸಾಧುಗಳನ್ನ ಕಡದ್ರು, ಮಂದೀನ ಹಿಡಕೊಂಡು ಹೋಗಿ ಸಂತ್ಯಾಗ ಮಾರಿದ್ರು. ಆದ್ರ ಎಲ್ಲಾರೂ ಅದೇ ಮಾಡ್ಲಿಲ್ಲ. ಹೊಲ ಸಾಲಲಾರದವರು, ರಾಜನ ಜೋಡಿ ಜಗಳಾದವರು, ಹೆಂಡ್ರು ಮಕ್ಕಳು ಆಕಳ ಕುರಿ ಎಲ್ಲಾ ಹಡಗದಾಗ ಹಾಕ್ಕೊಂಡು ದೂರ ಒಂದು ನಡುಗಡ್ಡಿಗಿ ಬದಕ್ಲಿಕ್ಕ ಹೊಂಟ್ರು. ಅವರ ಮೊಮ್ಮಕ್ಕಳು ಮರಿಮೊಮ್ಮಕ್ಕಳು ಮುಂದ ಅದನ್ನೆಲ್ಲಾ ಕಥಿ ಮಾಡಿ ಬರದಿಟ್ರು. ಅದರಾಗಿಂದೇ ಒಂದು ಕಥಿ ನನ್ನ ಕೊರಳಿಗಿ ಬಿತ್ತು. ಪೆನ್ನು ಕೆಳಗಿಡು, ಇದು ಪ್ರೊಜೆಕ್ಟಿಗಿ ಅಲ್ಲ, ಸುಮ್ನೆ ಕೇಳು.

ಆಗ ನನ್ನ ಲಗ್ನಾನೂ ಆಗಿದ್ದಿಲ್ಲ, ನಿಮ್ಮ ಆಯಿ ಯಾರಂತ ಗೊತ್ತೂ ಇದ್ದಿಲ್ಲ. ಬೀದರ ಕಡಿ ನಮ್ಮೂರು. ಅಪ್ಪ ತೀರ್ಕೊಂಡ, ಮಳಿಗಾಲದಾಗ ಮನಿ ಗ್ವಾಡಿ ಬಿತ್ತು, ಬಿದ್ದ ಜಾಗಾ ಕಾಕಾನ ಪಾಲಿಗಿ ಹೋಯ್ತು. ನನಗ ಔರಂಗಾಬಾದದಾಗ, ಅದೇ, ಈಗ ಸಂಭಾಜಿನಗರ ಅಂತೀರಲ್ಲ, ಅಲ್ಲಿ ಸಂಜೀ ಕಾಲೇಜಿನಾಗ ಕೆಲಸ ಸಿಕ್ತು. ಕೆಲಸ ಅಂದ್ರ ಕಾಯಂ ಅಲ್ಲ, ತಾಸಿನ ಲೆಕ್ಕ. ಪಾಠ ಮಾಡಿದ್ರ ರೊಟ್ಟಿ, ಇಲ್ಲಾಂದ್ರ ನೀರು. ಚಿಕಲಠಾಣಾದ ಫ್ಯಾಕ್ಟರಿ ಪಾಳಿ ಮುಗಿಸಿ ಬರೋ ಹುಡುಗರಿಗಿ ಯುರೋಪಿನ ಇತಿಹಾಸ. ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ರು, "ಸೋಮವಾರ ಸಂಜೀಕ ಮೊದಲ ಪಾಠ. ನೀವು ಬರಲಿಲ್ಲಂದ್ರ ಮಂಗಳವಾರ ಬ್ಯಾರೆಯವರು ಬರ್ತಾರ್ರಿ." ಅವ್ವನ್ನ ಊರಾಗ ಯಾರ ಹಂತೇಲಿ ಬಿಡ್ಲಿ, ಕರಕೊಂಡೇ ಹೊಂಟೆ. ಆಕಿ ಏನು ತಗೊಂಡ್ಳು ಗೊತ್ತೇನು? ಬಿದ್ದ ಮನಿ ಹೊಸ್ತಿಲ ಕಿತ್ತಿಸ್ಕೊಂಡ್ಳು. ಇಷ್ಟುದ್ದ ಸಾಗವಾನಿ ಹಲಗಿ. ದಿನಾ ಮುಂಜಾನಿ ತೊಳದು ವಿಭೂತಿ ಹಚ್ಚಿದ ಹಲಗಿ ಅದು. ಸಣ್ಣಾಂವ ಇದ್ದಾಗ ಮರತು ಅದರ ಮ್ಯಾಲ ಕುಂತ್ರ ತೊಡಿ ಕೆಂಪಗ ಆಗೂಹಂಗ ಹೊಡೀತಿದ್ಳು. "ಇದನ್ನ ಎಲ್ಲಿ ಹಾಕ್ತೀವಿ ಅಲ್ಲೇ ನನ್ನ ಮನಿ, ತಮ್ಮಾ," ಅಂದ್ಳು.

ರೈಲಿನಾಗ ಹೊಸ್ತಿಲನ್ನ ಸೀಟಿನ ಬುಡಕ ಸರಿಸಿ ಕುಂತ್ವಿ. "ಅಲ್ಲಿ ಹುಡುಗರಿಗಿ ಏನ್ ಕಲಸ್ತಿ?" ಅಂತ ಅವ್ವ ಕೇಳಿದ್ಳು. ಇದೇ ಪಾಠ ಮಾಡೋದಿತ್ತಲ್ಲ, ಒಮ್ಮಿ ಹೇಳಿ ನೋಡೂಣು ಅಂತ ಸುರು ಮಾಡ್ದೆ. ಆ ನಡುಗಡ್ಡಿಗಿ ಹೋಗೋ ಮಂದಿ ಊರ ಬಿಡೂ ಮುಂದ, ಮನ್ಯಾಗ ಯಜಮಾನ ಕೂಡೋ ಗದ್ದಿಗಿ ಬಾಜೂದ ಕೆತ್ತಿದ ಕಂಬ ಕಿತ್ಕೊಂಡು ಹಡಗದಾಗ ಹಾಕ್ಕೊಂತಿದ್ರು. ದೂರ ದಂಡಿ ಕಂಡ ಕೂಡ್ಲೆ ಆ ಕಂಬ ಸಮುದ್ರಕ್ಕ ಒಗದು, "ದೇವ್ರೇ, ಇವು ಎಲ್ಲಿ ಹೋಗಿ ಹತ್ತತಾವ ಅಲ್ಲೇ ನಮ್ಮ ಮನಿ" ಅಂತಿದ್ರು. ಒಬ್ಬ ಯಜಮಾನಂದು ಕಂಬ ಲಗೂನ ಸಿಗಲಿಲ್ಲ, ಆಳುಗಳು ವರ್ಷಗಟ್ಟಲೆ ದಂಡಿ ಹಿಡದು ಹುಡುಕಿದ್ರಂತ. ಅವ್ವ ಎಲ್ಲಾ ಕೇಳಿ "ಶಾಣ್ಯಾ ಮಂದಿ" ಅಂದ್ಳು. ನನಗ ಹಿಗ್ಗೋ ಹಿಗ್ಗು, ಪಾಠ ಪಾಸಾತು ಅಂತ. ಆ ಹಿಗ್ಗಿನಾಗೇ ಮುಂಜಾನಿ ಔರಂಗಾಬಾದ ಬಂತು. ಗದ್ದಲ ಅಂದ್ರ ಗದ್ದಲ. ಟ್ರಂಕ್ ಹಿಡದೆ, ಜ್ವಾಳದ ಚೀಲ ಹೊತ್ತೆ, ಅವ್ವನ್ನ ಇಳಿಸಿದೆ, ಗಾಡಿ ಬಿಡ್ತು. ಹೊಸ್ತಿಲ ಸೀಟಿನ ಬುಡಕೇ ಉಳೀತು. ಮನ್ಮಾಡಿನ ತನಾ ಹೋಗೋ ಗಾಡಿ, ಹೋಗೇಬಿಡ್ತು.

ಅಳ್ತಾಳ ಅಂದ್ಕೊಂಡೆ. ಅಳಲಿಲ್ಲ. ಚೀಲದ ಮ್ಯಾಲ ಕುಂತು, "ಮುಂದಿನ ಗಾಡಿ ಎಷ್ಟಕ್ಕದ ಕೇಳ್ಕೊಂಡು ಬಾ," ಅಂದ್ಳು.

"ಎಲ್ಲಿಗವ್ವಾ?"

"ಹೊಸ್ತಿಲ ಎಲ್ಲಿ ಇಳೀತದ ಅಲ್ಲಿಗಿ. ಅಲ್ಲೇ ಇರೂದು. ನೀನೇ ಹೇಳ್ದೆಲ್ಲ."

"ಅವ್ವಾ, ಅದು ಸಾವಿರ ವರ್ಷದ ಹಿಂದಿನ ಮಂದಿ ಕಥಿ. ಇವತ್ತ ಸೋಮವಾರ. ಸಂಜೀಕ ನಾ ಕಾಲೇಜಿನಾಗ ಇರಲಿಲ್ಲಂದ್ರ ಕೆಲಸ ಹೋಯ್ತು."

"ಹೋದ್ರ ಹೋಗ್ಲಿ. ಹೊಸ್ತಿಲ ಒಂದು ಕಡಿ, ನಾ ಒಂದು ಕಡಿ ಇರಂಗಿಲ್ಲ."

ಸಿಟ್ಟು ಬಂತು ನನಗ, ಸುಳ್ಳ್ಯಾಕ ಹೇಳ್ಲಿ. ಆದ್ರ ಆಕಿ ಮಾರಿ ನೋಡಿದ್ರ ಏನನ್ಲಿ? ಗಂಡ ಹೋದ, ಮನಿ ಹೋಯ್ತು, ಉಳದದ್ದು ಅದೊಂದೇ ಹಲಗಿ. ಸುಮ್ಮ ಹೋಗಿ ಟಿಕೀಟು ತಗಸ್ದೆ.

ಮನ್ಮಾಡ ಅಂದ್ರ ನಿಮಗ ಗೊತ್ತೇ ಅದ, ನಾಕೂ ದಿಕ್ಕಿನ ಮಂದಿ ಇಳದು ಗಾಡಿ ಬದಲಸೋ ಟೇಶನ್. ಹಮಾಲರನ್ನ ಕೇಳಿದ್ವಿ, ಕಸ ಹೊಡಿಯೋರನ್ನ ಕೇಳಿದ್ವಿ. ಡಬ್ಬಿ ಕಸ ಹೊಡೀಮುಂದ ಅದನ್ನ ಕೆಳಗ ಇಳಿಸಿದ್ದ ಒಬ್ಬಾಕಿ ಪ್ಲಾಟ್‌ಫಾರ್ಮಿನ ತುದಿಗಿ ಕೈ ಮಾಡಿ ತೋರಿಸಿದ್ಳು. ಅಲ್ಲಿ ಒಬ್ಬ ಚಹಾದಾಂವ ನಮ್ಮ ಹೊಸ್ತಿಲನ್ನ ಇಟ್ಟಂಗಿ ಮ್ಯಾಲ ಇಟ್ಟು ಗಿರಾಕಿ ಕೂಡ್ಲಿಕ್ಕ ಬೆಂಚು ಮಾಡಿದ್ದ. ಅದರ ಮ್ಯಾಲ ಒಬ್ಬ ಹೆಣ್ಮಗಳು ಕುಂತಿದ್ಳು, ಉಡ್ಯಾಗ ಕೂಸು. ಗಂಡ ಸಲಿಕಿ ಬುಟ್ಟಿ ಗಂಟು ಮುಂದಿಟ್ಕೊಂಡು ನೆಲಕ್ಕ ಕುಂತಿದ್ದ. ಅವ್ವ ಈಗ ಹೊಡದೇಬಿಡ್ತಾಳ ಅಂತ ಸೆರಗ ಹಿಡಕೊಂಡೆ, ಬಿಡಿಸ್ಕೊಂಡು ಮುಂದ ಹೋದ್ಳು. ಆ ಹೆಣ್ಮಗಳು ಅವ್ವ ಸೀರಿ ಉಟ್ಟ ಧಾಟಿ ನೋಡಿ ನಮ್ಮ ಕಡಿಯವ್ರು ಅಂತ ತಿಳ್ಕೊಂಡ್ಳು ಕಾಣ್ತದ, ಕೂಸು ಎತ್ಕೊಂಡು ಅತ್ತ ಸರದು, "ಬರ್ರಿ ಯವ್ವಾ, ಕುಂದರ್ರಿ. ಜಾಗ ಅದ," ಅಂದ್ಳು. ಅಚ್ಚ ನಮ್ಮ ಮಾತು.

ಅವ್ವ ನಿಂತೇ ಕೇಳಿದ್ಳು, "ಎಲ್ಲಿಗಿ ಹೊಂಟೀರಿ?"

"ನಾಶಿಕಕ್ಕ, ಕಟ್ಟಡದ ಕೆಲಸಕ್ಕ. ಅದು ಮುಗದ ಮ್ಯಾಲ ಮತ್ತೆಲ್ಲಿಗೋ."

"ಕೂಸು ಎಲ್ಲಿ ಹುಟ್ಯದ?"

"ಹಿಂದಿನ ಕೆಲಸದ ಜಾಗದಾಗ, ತಗಡಿನ ಶೆಡ್ಡಿನಾಗ."

"ಮತ್ತ ಮನಿ?"

"ಸದ್ಯ ಇದೇ ನೋಡ್ರಿ," ಅಂತ ಕುಂತ ಹಲಗಿ ಮುಟ್ಟಿ ತೋರಿಸಿ ನಕ್ಕಳು.

ಅವ್ವ ನನ್ನ ಕಡಿ ತಿರಗಿದ್ಳು. "ತಮ್ಮಾ, ಆ ಯಜಮಾನ ವರ್ಷಗಟ್ಟಲೆ ಕಂಬ ಹುಡುಕಸ್ತಿದ್ದಂತಲ್ಲ, ಆವಾಗ ಆ ಮಂದಿ ಕೂಸುಗಳು ಎಲ್ಲಿ ಹುಟ್ಟಿದ್ವು?"

ನನಗ ಗೊತ್ತಿದ್ದಿಲ್ಲ, ನಾ ಓದಿದ್ದರಾಗ ಅದು ಇದ್ದಿದ್ದಿಲ್ಲ. "ಇಳದಲ್ಲೇ ಹುಟ್ಟಿರಬೇಕವ್ವಾ," ಅಂದೆ. ಆಕಿ ಹೋಗಿ, ಜಲ್ಮದಾಗ ಒಮ್ಮಿನೂ ಕುಂತಿರಲಾರದ ಹೊಸ್ತಿಲ ಮ್ಯಾಲ, ಆ ಹೆಣ್ಮಗಳ ಬಾಜೂಕ ಕುಂತ್ಳು. ಕೂಸು ಇಸ್ಕೊಂಡು ತೊಡಿ ಮ್ಯಾಲ ಹಾಕ್ಕೊಂಡ್ಳು. ನಾ ಆ ಕಡಿ ಮಾರಿ ಮಾಡಿ ಅತ್ತೆ. ಹಲಗಿ ನಮ್ಮದು ಅಂತ ಹೇಳಿದ ಕೂಡ್ಲೆ ಚಹಾದಾಂವ ಪಾಪ ಗಾಬರಿಯಾದ. "ತುಮ್ಚೀ ಆಹೇ ಕಾ? ಘ್ಯಾ, ಘ್ಯಾ," ತಗೋರಿ ಅಂತ ಎತ್ತಲಿಕ್ಕ ಬಂದ. ಅವ್ವ ಕೈ ಅಡ್ಡ ಮಾಡಿದ್ಳು.

"ಕುಂತವರನ್ನ ಎಬ್ಬಿಸಬ್ಯಾಡಂತ ಹೇಳು ಆ ತಮ್ಮಗ. ಇರಲಿ ಇಲ್ಲೇ." ಕೂಸಿನ ಹಣಿಗಿ ತನ್ನ ಹಣಿದೇ ವಿಭೂತಿ ಹಚ್ಚಿ ತಾಯಿ ಕೈಗಿ ಕೊಟ್ಟು ಎದ್ದಳು. "ನಡಿ, ನಿನ್ನ ಹುಡುಗರು ಬಂದು ಕುಂತಿರ್ತಾರ."

ತಿರುಗಿ ಗಾಡಿ ಹತ್ತಿ ಬಂದು, ಅವ್ವನ್ನ ಬಾಡಗಿ ರೂಮಿನಾಗ ಬಿಟ್ಟು, ಸಂಜೀಕ ಅದೇ ಹೊಲಸು ಅಂಗಿ ಮ್ಯಾಲ ಪಾಠ ಮಾಡ್ದೆ. ಪಾಳಿ ಮುಗಿಸಿ ದಣದು ಬಂದ ಹುಡುಗರು, ಎಲ್ಲಾ ಊರು ಬಿಟ್ಟು ಬಂದವರೇ, ಒಬ್ಬಾಂವನೂ ತೂಕಡಿಸಲಿಲ್ಲ. ರೂಮಿಗಿ ಬಂದ್ರ ಅವ್ವ ಸ್ಟೋವ್ ಹಚ್ಚಿ ರೊಟ್ಟಿ ಬಡೀತಿದ್ಳು. ಬಾಜೂ ರೂಮಿನಾಕಿ ನಮ್ಮ ಬಾಗಲದ ಹೊಸ್ತಿಲ ಮ್ಯಾಲೇ ಕುಂತು ಮರಾಠ್ಯಾಗ ಏನೇನೋ ಹೇಳ್ಲಿಕ್ಕತ್ತಿದ್ಳು, ಅವ್ವಗ ಒಂದಕ್ಷರ ತಿಳೀತಿದ್ದಿಲ್ಲ, ಹೂಂ ಹೂಂ ಅಂತಿದ್ಳು, ಏಳು ಅಂತ ಮಾತ್ರ ಅನ್ನಲಿಲ್ಲ. ಇಷ್ಟೇ ನೋಡ್ರಿ. ಬಂದವರಿಗಿ ಸರದು ಜಾಗ ಕೊಟ್ರ ಅದು ಮನಿ, ಇಲ್ಲಂದ್ರ ಬರೇ ಗ್ವಾಡಿ. ಅತ್ತ ಸರಕೊ ಪೂಜಾ, ನಿಮ್ಮ ಆಯಿ ಆವಾಗಿಂದ ನಿಂತೇ ಅದಾಳ.