ದನಿ ಹೋದರೆ ಕಾಂಟ್ರಾಕ್ಟು ಏನಾಗುತ್ತದೆ

ಸ್ಯಾನ್ ಮಟಿಯೋದ ಗಂಟಲು ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತಿದ್ದ ವಿಭಾಳಿಗೆ ಹಿಂದಿನ ಸಾಲಿನಿಂದ ಕನ್ನಡ ಕೇಳಿಸಿತು. ಕಿವಿ ತಾನಾಗಿ ಅತ್ತ ಹೊರಳಿತು. ಯುಗಾದಿಗೆ ಕನ್ನಡ ಕೂಟದಲ್ಲಿ ಹಾಡಿದ್ದ ಅನಂತಪದ್ಮನಾಭ ಮತ್ತು ಅವರ ಹೆಂಡತಿ, ವಕೀಲೆ ರಮಾ ಅಲ್ಲಿ ಕೂತಿದ್ದರು. ಅನಂತಪದ್ಮನಾಭರ ದನಿ ಪೂರ್ತಿ ಹೋಗಿತ್ತು; ಬರೀ ಪಿಸುಗುಟ್ಟುತ್ತಿದ್ದರು.

“ಶನಿವಾರ ಲಂಡನ್ನಲ್ಲಿ ಸಂಗೀತ ಕಚೇರಿ. ಸಹಿ ಹಾಕಿದ್ದೀನಲ್ಲ ರಮಾ?”

“ಅದು ಇಂಗ್ಲಿಷ್ ಕಾನೂನಿನ ಕಾಂಟ್ರಾಕ್ಟು ರೀ. ಹಾಡೋರಿಗೆ ದನೀನೇ ಹೋದ್ರೆ ಅದು ತಾನಾಗೇ ಮುಗಿಯತ್ತೆ.”

“ನನ್ನನ್ನ ಒಂದು ಮಾತೂ ಕೇಳ್ದೆ?”

“ಯಾರನ್ನೂ ಕೇಳಲ್ಲ. ಆದ್ರೆ ಯಾರೂ ಎಣಿಸಿರದೇ ಇದ್ದದ್ದು ಆಗಿರ್ಬೇಕು, ನಿಮ್ಮ ತಪ್ಪೂ ಇರ್ಬಾರ್ದು.”

“ನಂದೇನು ತಪ್ಪು?”

“ಮೊಮ್ಮಗಳ ಸಾಕರ್ ಮ್ಯಾಚಲ್ಲಿ ರೆಫರಿಗೆ ಒಂದು ಗಂಟೆ ಕಿರುಚಿ ಬೈದಿದ್ದು ಯಾರು?”

“ಅವನಿಗೆ ಕಣ್ಣೇ ಕಾಣ್ತಿರ್ಲಿಲ್ಲ ಕಣೇ!”

“ಅದನ್ನ ಜಡ್ಜ್ ಮುಂದೆ ಪಿಸುಗುಟ್ಟಿ.”

ವಿಭಾ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡಳು.

“ಇನ್ಮೇಲೆ ಹಾಡಕ್ಕೇ ಆಗಲ್ಲ ಅಂತ ಡಾಕ್ಟರು ಅಂದ್ಬಿಟ್ರೆ?” ಈ ಸಲ ಅವರ ಪಿಸುದನಿಯೂ ನಡುಗಿತು.

ರಮಾ ಹೇಳಿದರು: “ಆಗ ದಿನಾ ಬೆಳಿಗ್ಗೆ ನಾನು ಹಾಡ್ತೀನಿ. ನೀವು ಕೂತು ಕೇಳಿ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, ಆ ಉದ್ದನೆಯ ಹೆಸರನ್ನು ಮೂರು ತುಂಡು ಮಾಡಿ ಕರೆದಳು. ಅನಂತಪದ್ಮನಾಭ ದಡಬಡಿಸಿ ಎದ್ದರು.

“ಬೇಗ ಬಾರೇ. ನೀನು ಹಾಡಕ್ಕೆ ಶುರು ಮಾಡೋ ಮುಂಚೆ ಹೇಗಾದ್ರೂ ವಾಸಿ ಮಾಡಿಸ್ಕೊಂಡ್ಬಿಡೋಣ.”

ರಮಾ ನಗುತ್ತ ಅವರ ಕೈ ಹಿಡಿದುಕೊಂಡರು. ಬಾಗಿಲು ಮುಚ್ಚಿತು.