ಸಾಲ ವಸೂಲಿಯ ಸಹಪಾಠಿ

ಪರದೇಶದ ಆಸ್ಪತ್ರೆಯೊಂದರ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಇಬ್ಬರು ನರ್ಸುಗಳ ಕನ್ನಡ ಕಿವಿಗೆ ಬಿತ್ತು.

“ಇಷ್ಟು ದೂರ ಬಂದ್ರೂ ಓದಿನ ಸಾಲ ಬೆನ್ನು ಬಿಡ್ಲಿಲ್ಲ ಕಣೇ. ಬ್ಯಾಂಕಿಂದ ಫೋನ್ ಬಂತು.”

“ನಂಬರ್ ಬದಲಾಯಿಸಿದ್ರಲ್ಲ ಅಕ್ಕ, ಹೇಗೆ ಸಿಕ್ತು?”

“ಫೋನ್ ಮಾಡಿದೋನಿಗೆ ಹಳೇ ಸ್ನೇಹಿತ ಅಂತ ನಾನೇ ಕೊಟ್ಟಿದ್ದೆ. ನಮ್ಮ ಕ್ಲಾಸಿಗೇ ಫಸ್ಟ್ ಬಂದೋನು. ನರ್ಸ್ ಕೆಲಸ ಸಿಗದೆ ಅದೇ ಬ್ಯಾಂಕಿನ ಸಾಲ ವಸೂಲಿಗೆ ಸೇರ್ಕೊಂಡಿದ್ದಾನೆ.”

“ಬೈದ್ನಾ?”

“ಯಾವ ಮುಖ ಇಟ್ಕೊಂಡು ಬೈತಾನೆ? ಅವನ ಸಾಲಾನೂ ತೀರಿಲ್ಲ. ನಾನು ಕಟ್ಟಿದ್ರೆ ಅವನಿಗೆ ಕಮಿಷನ್, ಅದ್ರಲ್ಲೇ ಅವನ ಕಂತು.”

“ಆಮೇಲೆ?”

“ಪಾಪ ಅನ್ನಿಸಿ ಈ ತಿಂಗಳದ್ದು ಕಟ್ಟಿದೆ. ಈಗ ಅವನಿಗೂ ಇಲ್ಲೊಂದು ಕೆಲಸ ನೋಡ್ಬೇಕಂತೆ.”

“ನೋಡ್ತೀರಾ?”

“ನೋಡೇಬಿಟ್ಟೆ. ನಮ್ಮ ವಾರ್ಡಲ್ಲೇ ಖಾಲಿ ಇದೆ. ಅವನೂ ಬಂದ್ಬಿಟ್ರೆ ನಂಗೆ ಫೋನ್ ಮಾಡೋರು ಯಾರಿರ್ತಾರೆ, ಹೇಳು!”

ಬಸ್ಸು ಬಂತು. ಇಬ್ಬರೂ ನಗುತ್ತಲೇ ಹತ್ತಿಹೋದರು.