ಇಪ್ಪತ್ತೊಂದು ಗುಂಡಿಯ ನಿಲುವಂಗಿ

ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಹಿಂದಿನ ಸಾಲಿನವರು ಪಿಸುಗುಟ್ಟುವುದನ್ನು ನಿಲ್ಲಿಸಿ. ಆಯಿತೆ? ಹಾಗಾದರೆ ಕೇಳಿ.

ಏಳು ಹೊಳೆ ದಾಟಿದ ಮೇಲೆ ಸಿಗುವ, ಹೆಸರನ್ನು ಯಾರೂ ನೆನಪಿಡದ ಒಂದು ದೇಶವಿತ್ತು. ಆ ದೇಶಕ್ಕೊಬ್ಬ ರಾಜ, ರಾಜನಿಗೊಬ್ಬ ದರ್ಜಿ, ದರ್ಜಿಗೊಂದು ಮರದ ಬೊಂಬೆ. ರಾಜನ ಮಾತು ಮೀರಿದವರುಂಟು. ದರ್ಜಿ ರಂಗೋಜಿಯ ಮಾತು ಮೀರಿದವರೂ ಉಂಟು. ಬೊಂಬೆಯನ್ನು ಮೀರಿದವರು ಮಾತ್ರ ಇಲ್ಲ. ಏಕೆಂದರೆ ಆಸ್ಥಾನದ ಬಟ್ಟೆಯನ್ನು ಮನುಷ್ಯರ ಅಳತೆಗೆ ಹೊಲಿಯುತ್ತಿರಲಿಲ್ಲ, ಬೊಂಬೆಯ ಅಳತೆಗೆ ಹೊಲಿಯುತ್ತಿದ್ದರು. ರಂಗೋಜಿಯ ಮುತ್ತಜ್ಜ ಕೆತ್ತಿಸಿದ ಬೊಂಬೆ ಅದು. ಮೂಗು ಮುರಿದಿತ್ತು, ಮುಖ ಸವೆದಿತ್ತು, ಪಾದ ಮುಚ್ಚುವಂತೆ ನಿಲುವಂಗಿ ತೊಡಿಸಿದ್ದರು. ಎಂಥ ಗುಣವಂತ ಬೊಂಬೆ! ಎಂದೂ ಕೂತಿರಲಿಲ್ಲ, ಎಂದೂ ಕೈ ಎತ್ತಿರಲಿಲ್ಲ, ಎಂದೂ ದಪ್ಪವಾಗಿರಲಿಲ್ಲ. ಅಂಗಿ ಬಿಗಿಯಾಯಿತೆಂದು ಒಂದು ದಿನವೂ ದೂರಿರಲಿಲ್ಲ.

ಹೀಗಿರುವಾಗ ಜವಳಿ ಪೇಟೆಯ ಯಜಮಾನ ತೀರಿಕೊಂಡ. ನೇಯುವವರು, ಬಣ್ಣ ಹಾಕುವವರು, ಕೌದಿ ಹೊಲಿಯುವ ಹೆಂಗಸರು ಸೇರಿ, "ನಮಗೆ ದೇವೀರಿಯೇ ಯಜಮಾನಿ ಆಗಲಿ" ಎಂದರು.

ದೇವೀರಿ ಯಾರು? ಕಣ್ಣು ಮುಚ್ಚಿ ಬಟ್ಟೆ ಸವರಿ, ನೂಲು ಯಾವ ಊರಿನದೆಂದು ಹೇಳುತ್ತಿದ್ದ ಹೊಲಿಗೆಯವಳು. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ. ನಾಲ್ಕು ಗಾಲಿಯ ಹಲಗೆಯ ಮೇಲೆ ಕೂತು ಓಡಾಡುತ್ತಿದ್ದಳು. ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಯಾವ ಊನವೂ ಇರಲಿಲ್ಲ.

ಆದರೆ ಯಜಮಾನಿಕೆಗೊಂದು ಕಟ್ಟಳೆ. ಪಟ್ಟ ಬೇಕಾದವರು ಇಪ್ಪತ್ತೊಂದು ಗುಂಡಿಯ ಕೆಂಪು ರೇಷ್ಮೆ ನಿಲುವಂಗಿಯನ್ನು ಸಭೆಯಲ್ಲಿ ತಮ್ಮ ಕೈಯಾರೆ ತೊಡಬೇಕು. ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಅದು ಮುಳುಗುವುದರೊಳಗೆ ಕೊನೆಯ ಗುಂಡಿ ಹಾಕಿರಬೇಕು. ಗುಂಡಿ ಇದ್ದದ್ದೆಲ್ಲಿ? ಬೆನ್ನಿನ ಮೇಲೆ! ಕೊರಳಪಟ್ಟಿಯೋ, ಮುಂದುಗಡೆ ಎತ್ತರವಾಗಿ ಗಂಟಲು ಒತ್ತುತ್ತಿತ್ತು. ಆಸ್ಥಾನದವರ ಅಂಗಿಯೆಲ್ಲ ಹೀಗೆಯೇ. ಮಂತ್ರಿಗಳು ಉಸಿರು ಸಿಕ್ಕದೆ ಕೆಂಪಾಗುತ್ತಿದ್ದರು. ಆ ದೇಶದಲ್ಲಿ ಅದಕ್ಕೆ ಗಾಂಭೀರ್ಯ ಎಂದು ಹೆಸರು.

ದೇವೀರಿಗೆ ತೊಡಲಾಗದಿದ್ದರೆ ಪಟ್ಟ ಯಾರಿಗೆ? ರಂಗೋಜಿಯ ಅಳಿಯ ಮಲ್ಲೋಜಿಗೆ. ಹತ್ತಿ ಯಾವುದು, ರೇಷ್ಮೆ ಯಾವುದು ಎಂದು ಮಾವನನ್ನು ಕೇಳಿ ಹೇಳುವ ಪ್ರವೀಣ ಅವನು.

ಮೊದಲ ದಿನ ದೇವೀರಿ ರಂಗೋಜಿಯ ಅಂಗಡಿಗೆ ಹೋದಳು. "ರಂಗೋಜಪ್ಪಾ, ಗುಂಡಿ ಮುಂದಕ್ಕೆ ಹಾಕಿಕೊಡಿ. ನನ್ನ ಕೈ ಬೆನ್ನಿಗೆ ಹೋಗೋದಿಲ್ಲ."

ರಂಗೋಜಿ ಬೊಂಬೆಯ ಕಡೆ ನೋಡಿ ಕೈಮುಗಿದ. "ಬಟ್ಟೆ ಸರಿಯಾಗಿದೆ ತಾಯಿ, ಮೈ ತಪ್ಪಾಗಿದೆ."

ಎರಡನೆಯ ದಿನ ಹೋದಳು. "ಹಿಂದಿನ ಅಂಚು ಮೊಟಕು ಮಾಡಿ. ಗಾಲಿಗೆ ಸಿಕ್ಕಿಕೊಳ್ಳುತ್ತೆ."

"ಬಟ್ಟೆ ಸರಿಯಾಗಿದೆ ತಾಯಿ, ಮೈ ತಪ್ಪಾಗಿದೆ."

ಮೂರನೆಯ ದಿನ ಹೋದಳು. "ತೋಳಾದರೂ ಅಗಲ ಮಾಡಿ."

ಈ ಸಲ ರಂಗೋಜಿಗೆ ಕರುಣೆ ಉಕ್ಕಿತು. ಕರುಣೆ ಉಕ್ಕಿದವರ ಹತ್ತಿರ ಸ್ವಲ್ಪ ಹುಷಾರಾಗಿರಬೇಕು, ಕೇಳಿ. "ನನಗೂ ಕರುಳಿದೆ ತಾಯಿ. ನಿನ್ನಂಥವರಿಗೆ ಅಂತಲೇ ಇದನ್ನು ಹೊಲಿಸಿಟ್ಟಿದ್ದೇನೆ" ಎಂದು ಬೂದಿ ಬಣ್ಣದ ಅಂಗಿಯೊಂದನ್ನು ತೆಗೆದ. ಗೋಣಿಚೀಲಕ್ಕೆ ಮೂರು ತೂತು ಮಾಡಿದ ಹಾಗಿತ್ತು. "ಪಟ್ಟದ ಆಸೆ ಬಿಟ್ಟು ಇದನ್ನು ಹಾಕಿಕೊಂಡು ಸುಖವಾಗಿರು. ಕೊಳೆ ಕಾಣೋದಿಲ್ಲ."

"ಜರಿ ಅಂಚೆಲ್ಲಿ?"

"ನಿನಗೆ ಜರಿ ಯಾತಕ್ಕೆ ತಾಯಿ? ಯಾರು ನೋಡಬೇಕು?"

"ನಾನು!" ಎಂದು ದೇವೀರಿ ಅದನ್ನು ಬಿಸಾಡಿದಳು. ಅದು ಬೊಂಬೆಯ ಬುಡಕ್ಕೆ ಬಡಿದು, ಬೊಂಬೆಯ ನಿಲುವಂಗಿ ನಾಲ್ಕು ಬೆರಳು ಸರಿಯಿತು. ನಿಂತವರಿಗೆ ಕಾಣದ್ದು ಹಲಗೆಯ ಮೇಲೆ ಕೂತವಳಿಗೆ ಕಂಡಿತು. ಏನು ಕಂಡಿತು? ಈಗ ಹೇಳುವುದಿಲ್ಲ. ಆತುರ ಒಳ್ಳೆಯ ನಡತೆಯಲ್ಲ.

ದೇವೀರಿ ನಗುತ್ತಾ ಮನೆಗೆ ಬಂದಳು. ಕೆಂಪು ರೇಷ್ಮೆ ತರಿಸಿದಳು, ಒಳಪದರಕ್ಕೆ ಗಿಳಿಹಸಿರು ಬಟ್ಟೆ ಹೊಲಿದಳು, ಗೇಣಗಲ ಜರಿ ಹಾಕಿದಳು. ತೋಳು ಅಗಲ ಬಿಟ್ಟಳು. ಬೆನ್ನಿನ ಕಡೆಯ ಅಂಚನ್ನು ಸೊಂಟಕ್ಕೇ ನಿಲ್ಲಿಸಿದಳು. ಒಂದೇ ಕೈಯಲ್ಲಿ ಕುಣಿಕೆಗೆ ತೂರಿಸಬಹುದಾದ, ನೆಲ್ಲಿಕಾಯಿ ಗಾತ್ರದ ಇಪ್ಪತ್ತೊಂದು ಮರದ ಗುಂಡಿಗಳನ್ನು ಎದೆಯ ಮೇಲೆ ಸಾಲಾಗಿ ಕೂರಿಸಿದಳು.

ಸಭೆ ಸೇರಿತು. ಬಟ್ಟಲು ತೇಲಿತು. ಮೊದಲು ಮಲ್ಲೋಜಿ ಪರದೆಯ ಹಿಂದೆ ಹೋದ, ಬಟ್ಟಲು ಮುಳುಗುವ ಮುಂಚೆಯೇ ಗುಂಡಿ ಹಾಕಿಕೊಂಡು ಬಂದ. ಚಪ್ಪಾಳೆಯೋ ಚಪ್ಪಾಳೆ.

"ಸ್ವಾಮಿ, ಪರದೆಯ ಕೆಳಗೆ ಎಂಟು ಕಾಲು ಎಣಿಸಿದೆ. ಮಲ್ಲೋಜಪ್ಪನಿಗೆ ಎರಡೇ ಅಂದುಕೊಂಡಿದ್ದೆ" ಎಂದಳು ದೇವೀರಿ.

ರಾಜ ಕೆಮ್ಮಿದ. "ಅದು ಸಂಪ್ರದಾಯ. ನಾವೂ ಹಾಗೆಯೇ ತೊಟ್ಟದ್ದು."

"ನನಗೆ ಪರದೆ ಬೇಡ" ಎಂದಳು. ಬಟ್ಟಲನ್ನು ಮತ್ತೆ ತೇಲಿಬಿಟ್ಟರು. ಸೀರೆಯ ಮೇಲೆಯೇ ಬಲತೋಳು ತೂರಿಸಿದಳು, ಎಡತೋಳು ತೂರಿಸಿದಳು, ಎಡಗೈಯಲ್ಲಿ ಒಂದೊಂದೇ ಗುಂಡಿ ಸೇರಿಸಿದಳು. ಇಪ್ಪತ್ತೊಂದನೆಯದು ಕುಣಿಕೆಗೆ ಬಿದ್ದಾಗ ಬಟ್ಟಲು ಇನ್ನೂ ಅರ್ಧ ತೇಲುತ್ತಿತ್ತು. ರಾಣಿಯರೆಲ್ಲ ಕತ್ತು ನೀಡಿ ಆ ಜರಿಯನ್ನು ನೋಡಿದ್ದೇ ನೋಡಿದ್ದು.

ರಂಗೋಜಿ ಎದ್ದು ನಿಂತ. "ಅನಾಚಾರ! ಗುಂಡಿ ಎದೆಯ ಮೇಲೆ! ಬೊಂಬೆ ತೊಡದ ಹಾಗೆ ತೊಟ್ಟರೆ ಅದು ಪಟ್ಟದ ಅಂಗಿಯೇ ಅಲ್ಲ!"

"ಹಾಗಾದರೆ ಬೊಂಬೆಯನ್ನೇ ಕೇಳೋಣ. ತರಿಸಿ."

ನಾಲ್ವರು ಹೊತ್ತು ತಂದರು.

"ಸ್ವಾಮಿ, ಅಂಚೆತ್ತಿ ಅದರ ಪಾದ ನೋಡಿ. ಸ್ವಲ್ಪ ಬಗ್ಗಬೇಕಾಗುತ್ತೆ."

ಬಗ್ಗುವುದೆ? ರಾಜ ಹುಟ್ಟಿದಾಗಿನಿಂದ ಬಗ್ಗಿರಲಿಲ್ಲ. ಕೊರಳಪಟ್ಟಿ ಬಿಡಲಿಲ್ಲ, ಬಿಗಿದ ಸೊಂಟ ಬಿಡಲಿಲ್ಲ. ಕೊನೆಗೆ ಪ್ರಭುಗಳು ಸಭೆಯ ನಟ್ಟನಡುವೆ ಹೊಟ್ಟೆಯ ಮೇಲೆ ಮಲಗಿ ನೋಡಿದರು.

ಹತ್ತು ಮರದ ಬೆರಳುಗಳು. ಹತ್ತೂ ಗುಂಡಿ ಇದ್ದ ಕಡೆಗೇ ತಿರುಗಿದ್ದವು!

ತಿಳಿಯಿತೆ? ಮೂಗು ಮುರಿದು ಹೋದ ಮೇಲೆ, ಯಾವ ಕಾಲದಲ್ಲೋ ಯಾರೋ ಬೊಂಬೆಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅಲ್ಲಿಂದ ಮೂರು ತಲೆಮಾರು ಅದರ ಬೆನ್ನನ್ನೇ ಎದೆ ಎಂದುಕೊಂಡು ಹೊಲಿದಿದ್ದರು. ಇಡೀ ಆಸ್ಥಾನ ಹಿಂದುಮುಂದಾಗಿ ಬಟ್ಟೆ ತೊಟ್ಟು ಗಂಭೀರವಾಗಿ ಕೂತಿತ್ತು.

ದೇವೀರಿ ಹಲಗೆಯನ್ನು ರಂಗೋಜಿಯ ಎದುರಿಗೆ ತಳ್ಳಿಕೊಂಡು ಬಂದಳು. "ಮೈ ಸರಿಯಾಗಿದೆ ರಂಗೋಜಪ್ಪಾ, ಬಟ್ಟೆ ತಪ್ಪಾಗಿದೆ."

ರಾಜನನ್ನು ಇಬ್ಬರು ಎತ್ತಿ ನಿಲ್ಲಿಸಿದರು. "ನಮಗೆ ಇದು ಮೊದಲೇ ಗೊತ್ತಿತ್ತು. ನಿಮ್ಮನ್ನು ಪರೀಕ್ಷಿಸುತ್ತಿದ್ದೆವು" ಎಂದು ಅಪ್ಪಣೆಯಾಯಿತು. ಪಟ್ಟ ದೇವೀರಿಗೆ ಸಿಕ್ಕಿತು.

ಬೊಂಬೆ ಬೇಡ, ತೊಡುವವರ ಅಳತೆ ತೆಗೆಯಿರಿ ಎಂಬುದು ಅವಳ ಮೊದಲ ಆಜ್ಞೆ. ಮರುದಿನ ಅವಳ ಬಾಗಿಲಿಗೆ ಯಾರು ಯಾರು ಬಂದರು? ಒಂದು ಕೈ ಕಳೆದುಕೊಂಡ ಸಿಪಾಯಿ ಬಂದ. ಮಂಡಿ ಮಡಚಲಾಗದ ರಾಜಮಾತೆ ಬಂದಳು. ಅರಮನೆಯಿಂದ ಗುಟ್ಟಾಗಿ ಒಂದು ಓಲೆ ಬಂತು: 'ನಮ್ಮ ಸ್ನೇಹಿತರೊಬ್ಬರಿಗೆ ಸೊಂಟನೋವು. ಅವರ ಅಳತೆ ನಮ್ಮ ಅಳತೆಯಷ್ಟೇ ಇದೆ.'

ಎಲ್ಲರಿಗಿಂತ ಕೊನೆಗೆ, ಭುಜ ಹಿಡಿದುಕೊಂಡು ರಂಗೋಜಿ ಬಂದ. "ವಯಸ್ಸಾಯಿತು ದೇವೀರವ್ವ. ಕೈ ಮೇಲೇಳೋದಿಲ್ಲ. ಮುಂದುಗಡೆ ಗುಂಡಿ ಇರೋ ಅಂಗಿ ಒಂದು... ಸಾದಾ ಇದ್ದರೆ ಸಾಕು."

"ಬೂದಿ ಬಣ್ಣದ್ದೆ? ಕೊಳೆ ಕಾಣೋದಿಲ್ಲ."

ರಂಗೋಜಿ ನೆಲ ನೋಡಿದ.

ದೇವೀರಿ ಅಳತೆಯ ದಾರ ತೆಗೆದಳು. "ಜರಿ ಬೇಡವೆ?"

ರಂಗೋಜಿ ಆ ಕಡೆ ನೋಡಿದ, ಈ ಕಡೆ ನೋಡಿದ, ದನಿ ತಗ್ಗಿಸಿದ. "ಒಂದು ಗೇಣು ಹಾಕವ್ವ."

ಅವರ ಅಂಗಿ ಅಲ್ಲಿ ಹೊಲಿದಾಯಿತು, ನನ್ನ ಕಥೆ ಇಲ್ಲಿ ಮಡಚಿಟ್ಟಾಯಿತು. ಏಳುವಾಗ ಚಾಪೆ ಸುತ್ತಿಟ್ಟು ಏಳಿ.